ಜಿಂಕೆಯ ಬೇಟೆಗೆ ತಕ್ಕ ಗುಂಡು

ಜಿಂಕೆಯ ಬೇಟೆಗಾಗಿ ಶಾಲೆಗೆ ರಜ ಕೊಡುವ ಊರುಗಳೂ ಲೋಕದಲ್ಲಿವೆ ಎಂದರೆ ನಮ್ಮ ಹುಡುಗರು ಇಂದೇ ವರ್ಗಾವಣೆ ಪತ್ರಕ್ಕೆ ಅರ್ಜಿ ಹಾಕಿಯಾರು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಹಳ್ಳಿಗಾಡಿನಲ್ಲಿ ಇದು ಬಹುಕಾಲದಿಂದ ನಡೆದುಬಂದ ಪದ್ಧತಿ. ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಅವರಿಗೆ ಥ್ಯಾಂಕ್ಸ್‌ಗಿವಿಂಗ್ ಎಂಬ ಹಬ್ಬ. ಹಬ್ಬ ಕಳೆದು ಬರುವ ಸೋಮವಾರ ರೈಫಲ್ ಬೇಟೆಯ ಮೊದಲ ದಿನ. ಅಂದು ಪಾಠ ನಡೆಸಿದರೆ ಬೆಂಚುಗಳಿಗೆ ಹೇಳಬೇಕಾದೀತೆಂದು ಶಾಲೆಯನ್ನೇ ಮುಚ್ಚುತ್ತಿದ್ದರು. 2019ರಲ್ಲಿ ಆ ಮೊದಲ ದಿನವನ್ನು ಸೋಮವಾರದಿಂದ ಹಿಂದಿನ ಶನಿವಾರಕ್ಕೆ ತಂದರು. ಆದರೂ ಸೋಮವಾರದ ರಜ ಹಲವು ಕಡೆ ಹಾಗೆಯೇ ಉಳಿದುಕೊಂಡಿದೆ. ಒಮ್ಮೆ ಕೊಟ್ಟ ರಜವನ್ನು ಹಿಂದಕ್ಕೆ ಪಡೆಯುವುದು ಎಷ್ಟು ಕಷ್ಟವೆಂಬುದನ್ನು ನಮ್ಮ ಮುಖ್ಯೋಪಾಧ್ಯಾಯರುಗಳೂ ಬಲ್ಲರು.

ಆ ರಾಜ್ಯದಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬ ಒಂದು ಸಂದೇಹವನ್ನು ಬರೆದು ಕಳಿಸಿದ. ನೆರೆಮನೆಯ ಹಿರಿಯರು ಅವನನ್ನು ಬೇಟೆಗೆ ಕರೆದಿದ್ದಾರೆ. ಅಲ್ಲಿಯ ಕಾಯಿದೆಯಂತೆ ಬೇಟೆಯ ಶಿಕ್ಷಣ ಮುಗಿಸಿ ಪರವಾನಗಿಯನ್ನೂ ಪಡೆದಾಯಿತು. ಆದರೆ ಅಂಗಡಿಗೆ ಹೋಗಿ ನೋಡಿದರೆ ಒಂದೇ ರೈಫಲ್ಲಿಗೆ ಹತ್ತಾರು ಬಗೆಯ ಪೆಟ್ಟಿಗೆಗಳು. ತುದಿ ಚೂಪಾದವು, ಮೊಂಡಾದವು, ಹಗುರವಾದವು, ಭಾರವಾದವು. “ಮೇಷ್ಟ್ರೇ, ನಿಮ್ಮ ಮನೆಯಲ್ಲಿ ಕೋವಿ ಇತ್ತೆಂದು ತರಗತಿಯಲ್ಲಿ ಹೇಳುತ್ತಿದ್ದಿರಿ. ಮರಗಿಡಗಳ ನಡುವೆ ಮೂವತ್ತು ನಲವತ್ತು ಗಜದಲ್ಲಿ ನಿಂತ ಜಿಂಕೆಗೆ ಯಾವ ಗುಂಡು ಸರಿ?” ಎಂಬುದು ಅವನ ಪ್ರಶ್ನೆ.

ಕನ್ನಡ ಪಂಡಿತನಿಗೂ ಗುಂಡಿಗೂ ಏನು ನಂಟು ಎಂದು ತಾವು ಕೇಳಬಹುದು. ನಾನು ಮಲೆನಾಡಿನವನು. ನಮ್ಮ ಅಜ್ಜ ಸುತ್ತಮುತ್ತ ಹೆಸರಾದ ಈಡುಗಾರರಾಗಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಮೇಲೆ ಅವರು ಬೇಟೆಯನ್ನು ನಿಲ್ಲಿಸಿದರು. ಆದರೆ ಬೇಟೆಯ ಮಾತನ್ನು ನಿಲ್ಲಿಸಲಿಲ್ಲ. ನಮ್ಮಲ್ಲಿ ಇಂದು ಜಿಂಕೆಗೆ ಗುಂಡು ಹಾರಿಸುವುದು ಅಪರಾಧ. ಅದು ಅಪರಾಧವಾಗಿರುವುದೇ ಸರಿ. ಕಾಡು ಕುಗ್ಗಿ, ಹುಲಿ ಚಿರತೆಗಳಿಗೇ ಆಹಾರ ಸಾಲದಿರುವ ನಾಡಿನಲ್ಲಿ ಮನುಷ್ಯನೂ ಪಂಕ್ತಿಗೆ ಕೂರುವುದು ತರವಲ್ಲ. ಆದುದರಿಂದ ಈ ದಿನ ನಾನು ಹೇಳುವುದೆಲ್ಲ ಆ ದೂರದೇಶದ ಕಾಡಿಗೆ ಸಂಬಂಧಪಟ್ಟದ್ದು. ಮಕ್ಕಳನ್ನೋ ಮೊಮ್ಮಕ್ಕಳನ್ನೋ ಅಮೆರಿಕಕ್ಕೆ ಕಳಿಸಿದ ಮನೆಗಳು ಈಗ ನಮ್ಮ ಊರುಗಳಲ್ಲಿ ಬೀದಿಗೆ ನಾಲ್ಕಾದರೂ ಇವೆ. ಅವರ ನೆರೆಹೊರೆಯವರು ನವೆಂಬರಿನಲ್ಲಿ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಎಲ್ಲಿಗೆ ಹೋಗುತ್ತಾರೆ, ಏನು ಯೋಚಿಸಿ ಹೋಗುತ್ತಾರೆ ಎಂಬುದನ್ನು ತಿಳಿಯುವುದರಲ್ಲಿ ತಪ್ಪೇನಿಲ್ಲ.

ಅಲ್ಲಿಯ ಸ್ಥಿತಿ ನಮ್ಮದಕ್ಕೆ ತೀರ ವಿರುದ್ಧ. 1900ರ ಸುಮಾರಿಗೆ ಮಿತಿಯಿಲ್ಲದ ವ್ಯಾಪಾರಿ ಬೇಟೆಯಿಂದ ಬಿಳಿಬಾಲದ ಜಿಂಕೆ ಇಡೀ ದೇಶದಲ್ಲಿ ಕೆಲವೇ ಲಕ್ಷಕ್ಕೆ ಇಳಿದಿತ್ತು. ಆಮೇಲೆ ಕಟ್ಟುನಿಟ್ಟು ಮಾಡಿದರು. ಇಂದು ಎರಡೂವರೆ ಮೂರು ಕೋಟಿಯೆಂದು ಅಂದಾಜು. ಪೂರ್ವದ ಹೆಚ್ಚಿನ ರಾಜ್ಯಗಳಲ್ಲಿ ತೋಳವೂ ಇಲ್ಲ, ಬೆಟ್ಟದ ಸಿಂಹವೂ ಇಲ್ಲ. ಜಿಂಕೆಗಳು ಸಸಿಗಳನ್ನು ಮೇಯ್ದು ಕಾಡನ್ನು ಬೋಳಿಸುತ್ತವೆ, ಹೊಲಕ್ಕೆ ನುಗ್ಗುತ್ತವೆ, ರಸ್ತೆಯಲ್ಲಿ ಕಾರುಗಳಿಗೆ ಅಡ್ಡ ಬಂದು ತಾವೂ ಸತ್ತು ಜನರನ್ನೂ ಕೊಲ್ಲುತ್ತವೆ. ಹೀಗಾಗಿ ಋತು, ಸಂಖ್ಯೆ, ಆಯುಧ ಎಲ್ಲಕ್ಕೂ ಮಿತಿಯಿಟ್ಟು ಸರ್ಕಾರವೇ ಬೇಟೆ ಮಾಡಿಸುತ್ತದೆ. 1937ರ ಕಾಯಿದೆಯೊಂದರಂತೆ ರೈಫಲ್ಲು ತೋಟಾಗಳ ಮೇಲೆ ನೂರಕ್ಕೆ 11ರಂತೆ ಸುಂಕ ಹಾಕಿ ಆ ಹಣವನ್ನು ವನ್ಯಜೀವಿಗಳ ರಕ್ಷಣೆಗೇ ಕೊಡುತ್ತಾರೆ.

ಇಲ್ಲಿ ಒಂದು ಮಾತಿನ ತಿದ್ದುಪಡಿ. ಜಿಂಕೆಯೆಂಬ ಹೆಸರನ್ನು ನಾವು ಕೃಷ್ಣಮೃಗಕ್ಕೂ ಹೇಳುತ್ತೇವೆ, ಚುಕ್ಕೆಯ ಸಾರಗಕ್ಕೂ ಹೇಳುತ್ತೇವೆ. ಕೃಷ್ಣಮೃಗದ ಕೊಂಬು ಕವಲಿಲ್ಲದ್ದು, ಎಂದೂ ಬೀಳದ್ದು. ಸಾರಗ, ಕಡವೆಗಳದು ಕವಲೊಡೆದು ಬಿದ್ದು ಮತ್ತೆ ಹುಟ್ಟುವ ಕೊಂಬು. ಅಮೆರಿಕದ ಬಿಳಿಬಾಲದ್ದು ಈ ಎರಡನೆಯ ಕುಲಕ್ಕೆ ಸೇರಿದ್ದು. ಬೆದರಿದಾಗ ಬಾಲವನ್ನು ಬಾವುಟದಂತೆ ಎತ್ತಿ ಓಡುವುದರಿಂದ ಆ ಹೆಸರು.

ಗುಂಡೆಂದರೆ ಯಾವುದು, ತೋಟಾ ಎಂದರೆ ಯಾವುದು ಎಂಬುದನ್ನೂ ಬಿಡಿಸಿಕೊಳ್ಳೋಣ. ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕಿಡಿ ಹುಟ್ಟಿಸುವ ಕೇಪು, ಒಳಗೆ ಮದ್ದು, ಬಾಯಲ್ಲಿ ಸಿಕ್ಕಿಸಿದ ಗುಂಡು, ಇವೆಲ್ಲ ಸೇರಿ ತೋಟಾ. ನಳಿಗೆಯಿಂದ ಹಾರಿ ಪ್ರಾಣಿಗೆ ತಗಲುವುದು ಗುಂಡು ಮಾತ್ರ. ನಮ್ಮ ಮಲೆನಾಡಿನ ಕೋವಿಯ ನಳಿಗೆ ಒಳಗೆ ನುಣುಪು. ಅದಕ್ಕೆ ಹಾಕುತ್ತಿದ್ದುದು ಹೆಚ್ಚಾಗಿ ಚರೆ. ರೈಫಲ್ಲಿನ ನಳಿಗೆಯಲ್ಲಿ ಸುರುಳಿಯಾಗಿ ತೋಡು ಕೊರೆದಿರುತ್ತದೆ. ಆ ತೋಡು ಗುಂಡನ್ನು ಬುಗುರಿಯಂತೆ ತಿರುಗಿಸಿ ನೆಟ್ಟಗೆ ಹೋಗುವಂತೆ ಮಾಡುತ್ತದೆ. ಗುಂಡಿನ ತೂಕವನ್ನು ಅವರು ಇಂದಿಗೂ ಗ್ರೇನುಗಳಲ್ಲಿ ಹೇಳುತ್ತಾರೆ. ಗ್ರೇನು ಎಂದರೆ ಕಾಳು. ನಮ್ಮ ಅಕ್ಕಸಾಲಿಗರ ಗುಲಗಂಜಿ ಇದ್ದಂತೆ. 180 ಗ್ರೇನಿಗೆ ಸರಿಯಾಗಿ ನಮ್ಮ ಒಂದು ತೊಲ. ಆದುದರಿಂದ 180 ಗ್ರೇನಿನ ಗುಂಡೆಂದರೆ ಒಂದು ತೊಲದ ಗುಂಡು. ಹಳೆಯ ಕಾಲದ ಬೆಳ್ಳಿ ರೂಪಾಯಿಯ ತೂಕ.

ಈಗ ಮುಖ್ಯವಾದ ವಿಷಯ. ಗುಂಡಿನ ಒಳಗೆ ಸೀಸ, ಹೊರಗೆ ತಾಮ್ರದ ತೆಳು ಕವಚ. ಸೈನಿಕರ ಗುಂಡಿನಲ್ಲಿ ಈ ಕವಚ ಮೂತಿಯನ್ನೂ ಪೂರ್ತಿ ಮುಚ್ಚಿರುತ್ತದೆ. ಅದು ಜಿಂಕೆಯ ಮೈಯನ್ನು ಹೊಕ್ಕರೆ ಸೂಜಿಯಂತೆ ತೂರಿ ಆಚೆ ಹೋದೀತು. ಜಿಂಕೆ ಬೀಳುವುದಿಲ್ಲ. ರಕ್ತವೂ ಹೆಚ್ಚು ಬರುವುದಿಲ್ಲ. ಅದು ಓಡಿ ಪೊದೆ ಸೇರಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನರಳಿ ಸಾಯುತ್ತದೆ. ಬೇಟೆಯ ಗುಂಡಿನ ಮೂತಿಯಲ್ಲಿ ಕವಚವಿರದೆ ಮೆತ್ತನೆಯ ಸೀಸ ಕಾಣುತ್ತಿರುತ್ತದೆ. ಮಾಂಸಕ್ಕೆ ತಗಲಿದೊಡನೆ ಆ ಮೂತಿ ಹಿಂದಕ್ಕೆ ಮಡಚಿ ಅಣಬೆಯಂತೆ ಅರಳಿ ಸುಮಾರು ಎರಡರಷ್ಟು ಅಗಲವಾಗುತ್ತದೆ. ದಾರಿಯುದ್ದಕ್ಕೂ ದೊಡ್ಡ ಗಾಯ ಮಾಡುತ್ತ ಸಾಗುತ್ತದೆ. ಶ್ವಾಸಕೋಶಕ್ಕೆ ತಗಲಿದ ಜಿಂಕೆ ಕೆಲವೇ ಕ್ಷಣಗಳಲ್ಲಿ ಎಚ್ಚರ ತಪ್ಪುತ್ತದೆ. ನಮ್ಮ ಹಿಂದಿನವರ ಬಾಣಗಳಲ್ಲಿಯೂ ಈ ಭೇದ ಇತ್ತಷ್ಟೆ. ನಾರಾಚವೆಂದರೆ ಉದ್ದನೆಯ ಕಬ್ಬಿಣದ ಸರಳು. ಭಲ್ಲ, ಕ್ಷುರಪ್ರ, ಅರ್ಧಚಂದ್ರಗಳಿಗೆ ಅಗಲವಾದ ಅಲಗು. ಮಹಾಭಾರತದ ಯುದ್ಧಪರ್ವಗಳನ್ನು ಓದುವಾಗ ನಾವು ಈ ಹೆಸರುಗಳನ್ನು ಅಲಂಕಾರವೆಂದು ದಾಟಿಬಿಡುತ್ತೇವೆ. ಒಂದೊಂದು ಕೆಲಸಕ್ಕೆ ಒಂದೊಂದು ಅಲಗು ಎಂಬುದು ಬಿಲ್ಲಾಳುಗಳ ಅನುಭವದ ಮಾತು.

ಈ ಅರಳುವ ಗುಂಡಿನ ಚರಿತ್ರೆಯಲ್ಲಿ ನಮ್ಮ ದೇಶದ ಹೆಸರೂ ಸೇರಿದೆ. ಹೆಮ್ಮೆಪಡುವ ರೀತಿಯಲ್ಲೇನೂ ಅಲ್ಲ. ವಾಯವ್ಯ ಗಡಿಯ ಕಾಳಗಗಳಲ್ಲಿ ಬ್ರಿಟಿಷರ ಹೊಸ ರೈಫಲ್ಲಿನ ಗುಂಡು ಎದುರಾಳಿಯ ಮೈಯಲ್ಲಿ ತೂರಿ ಹೋದರೂ ಅವನನ್ನು ನಿಲ್ಲಿಸುತ್ತಿರಲಿಲ್ಲ. 1896–97ರ ಸುಮಾರಿನಲ್ಲಿ ಕಲ್ಕತ್ತೆಯ ಬಳಿಯ ಡಂಡಂ ಆಯುಧ ಕಾರ್ಖಾನೆಯಲ್ಲಿ ಮೂತಿಯ ಸೀಸ ಹೊರಗೆ ಕಾಣುವಂಥ ಗುಂಡನ್ನು ತಯಾರಿಸಿದರು. ಅಂದಿನಿಂದ ಅರಳುವ ಗುಂಡಿಗೆಲ್ಲ ಡಂಡಂ ಗುಂಡೆಂದೇ ಲೋಕದಲ್ಲಿ ಹೆಸರು. 1899ರಲ್ಲಿ ಹೇಗ್ ನಗರದಲ್ಲಿ ಸೇರಿದ ರಾಷ್ಟ್ರಗಳು ಇಂಥ ಗುಂಡನ್ನು ಯುದ್ಧದಲ್ಲಿ ಮನುಷ್ಯರ ಮೇಲೆ ಬಳಸಕೂಡದೆಂದು ಘೋಷಿಸಿದುವು. ಮುಳ್ಳುಳ್ಳ ಬಾಣ, ವಿಷ ಸವರಿದ ಬಾಣ, ಉರಿಯುವ ಬಾಣಗಳಿಂದ ಹೋರಾಡಬಾರದೆಂದು ಮನುಸ್ಮೃತಿಯ ಏಳನೆಯ ಅಧ್ಯಾಯದಲ್ಲಿ ಹೇಳಿರುವುದನ್ನು ಬಲ್ಲವರಿಗೆ ಈ ನಿಷೇಧ ಹೊಸದಾಗಿ ತೋರುವುದಿಲ್ಲ.

ಆದರೆ ಬೇಟೆಯ ಕಾಯಿದೆ ಇದಕ್ಕೆ ತಲೆಕೆಳಗು. ಪೆನ್ಸಿಲ್ವೇನಿಯಾದಲ್ಲಿ ಜಿಂಕೆಗೆ ಹಾರಿಸುವ ರೈಫಲ್ ಗುಂಡು ಬರಿಯ ಸೀಸದ್ದಾಗಿರಬೇಕು, ಇಲ್ಲವೆ ತಗಲಿದಾಗ ಅರಳುವಂತೆ ಮಾಡಿದ್ದಾಗಿರಬೇಕು. ಇಂಗ್ಲೆಂಡಿನಲ್ಲಿ 1991ರ ಜಿಂಕೆ ಕಾಯಿದೆಯೂ ಮೆತ್ತನೆ ಮೂತಿಯ ಅಥವಾ ಟೊಳ್ಳು ಮೂತಿಯ ಗುಂಡೇ ಬೇಕೆನ್ನುತ್ತದೆ. ಮನುಷ್ಯನಿಗೆ ನಿಷಿದ್ಧವಾದದ್ದು ಜಿಂಕೆಗೆ ವಿಧಿ! ಮೊದಲು ಕೇಳಿದಾಗ ಕ್ರೌರ್ಯವೆನಿಸುತ್ತದೆ. ಯೋಚಿಸಿದರೆ ಎರಡರ ಉದ್ದೇಶವೂ ನೋವನ್ನು ಕಡಮೆ ಮಾಡುವುದೇ. ಗಾಯಗೊಂಡ ಸೈನಿಕನನ್ನು ಆಸ್ಪತ್ರೆಗೆ ಒಯ್ದು ಉಳಿಸಿಕೊಳ್ಳುವ ಆಸೆ ಉಂಟು. ಗಾಯಗೊಂಡ ಜಿಂಕೆಗೆ ಆಸ್ಪತ್ರೆ ಎಲ್ಲಿದೆ?

ಶಿಷ್ಯನ ಪ್ರಶ್ನೆಗೆ ಬರೋಣ. ಹತ್ತಿರದಿಂದ ಹೊಡೆಯುವುದು ಸುಲಭ, ಯಾವ ಗುಂಡಾದರೂ ಸಾಕು ಎಂದು ಅನೇಕರ ತಿಳುವಳಿಕೆ. ಗುರಿ ಇಡುವವನಿಗೆ ಅದು ಸುಲಭವಿರಬಹುದು; ಗುಂಡಿಗೆ ಅದೇ ಕಠಿನ. ನಳಿಗೆಯ ಬಾಯಿ ಬಿಟ್ಟೊಡನೆ ಗುಂಡಿನ ವೇಗ ಅತಿ ಹೆಚ್ಚು. ದೂರ ಹೋದಂತೆ ಗಾಳಿಯ ತಡೆಯಿಂದ ಇಳಿಯುತ್ತದೆ. ಅಮೆರಿಕದ ಸೈನ್ಯ 1906ರಲ್ಲಿ ಅಂಗೀಕರಿಸಿದ್ದರಿಂದ ಮೂವತ್ತು-ನಾಟ್-ಸಿಕ್ಸ್ ಎಂದು ಹೆಸರಾದ ತೋಟಾವನ್ನೇ ತೆಗೆದುಕೊಳ್ಳಿ. ಅದರಲ್ಲಿ 150 ಗ್ರೇನಿನ ಗುಂಡು ಸೆಕೆಂಡಿಗೆ ಸುಮಾರು 2,900 ಅಡಿ ವೇಗದಿಂದ ಹೊರಡುತ್ತದೆ. ಅದು ಶಬ್ದದ ವೇಗದ ಎರಡೂವರೆಯಷ್ಟು. 300 ಗಜ ಮುಟ್ಟುವ ಹೊತ್ತಿಗೆ ಸುಮಾರು 2,100 ಅಡಿಗೆ ಇಳಿದಿರುತ್ತದೆ. ಬಯಲುಸೀಮೆಯಲ್ಲಿ ದೂರದ ಪ್ರಾಣಿಗೆಂದು ತಯಾರಿಸಿದ ಗುಂಡು ಆ ಇಳಿದ ವೇಗದಲ್ಲಿಯೂ ಅರಳಬೇಕು. ಅದಕ್ಕಾಗಿ ಅದರ ಕವಚವನ್ನು ತೆಳುವಾಗಿ, ಮೂತಿಯನ್ನು ಬೇಗ ಬಿಚ್ಚಿಕೊಳ್ಳುವಂತೆ ಮಾಡಿರುತ್ತಾರೆ. ಅದೇ ಗುಂಡು ಪೂರ್ವದ ದಟ್ಟಕಾಡಿನಲ್ಲಿ ಮೂವತ್ತು ಗಜದಲ್ಲಿ, ಪೂರ್ಣ ವೇಗದಲ್ಲಿ, ಜಿಂಕೆಯ ಹೆಗಲ ಮೂಳೆಗೆ ಬಡಿಯಿತೆನ್ನಿ. ಕಲ್ಲಿಗೆ ಎಸೆದ ಹಸಿಮಣ್ಣಿನ ಮುದ್ದೆಯಂತೆ ಚೂರಾಗಿಬಿಡಬಹುದು. ಮೇಲೆ ದೊಡ್ಡ ಗಾಯ, ಮಾಂಸವೆಲ್ಲ ಹಾಳು, ಗುಂಡು ಮಾತ್ರ ಹೃದಯ ಶ್ವಾಸಕೋಶಗಳವರೆಗೆ ಹೋಗಲೇ ಇಲ್ಲ. ಜಿಂಕೆ ಮೂರು ಕಾಲಿನಲ್ಲಿ ಓಡುತ್ತದೆ.

ಇದು ಊಹೆಯ ಮಾತಲ್ಲ. 1946ರಲ್ಲಿ ಜಾನ್ ನಾಸ್ಲರ್ ಎಂಬಾತ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಎಂಬ ಬೃಹದಾಕಾರದ ಕಡವೆಯ ಬೇಟೆಗೆ ಹೋದ. ಅವನದು ಮ್ಯಾಗ್ನಮ್ ಎಂಬ ಅತಿವೇಗದ ರೈಫಲ್. ಗುಂಡುಗಳು ಮೂಸಿನ ಕೆಸರು ಮೆತ್ತಿದ ದಪ್ಪ ಚರ್ಮ ಮಾಂಸಗಳಲ್ಲೇ ಒಡೆದುಹೋಗಿ ಒಳಕ್ಕೆ ಇಳಿಯಲಿಲ್ಲ. ಆತ ಮನೆಗೆ ಬಂದು ಗುಂಡಿನ ನಡುವೆ ತಾಮ್ರದ ಒಂದು ಅಡ್ಡಗೋಡೆಯಿಟ್ಟು ಹೊಸದೊಂದನ್ನು ಮಾಡಿದ. ಮುಂದಿನ ಕೋಣೆಯ ಸೀಸ ಅರಳುತ್ತದೆ. ಗೋಡೆಯ ಹಿಂದಿನದು ಒಡೆಯದೆ ಉಳಿದು ಆಳಕ್ಕೆ ನೂಕುತ್ತದೆ. ಆ ಗುಂಡು ಇಂದಿಗೂ ಮಾರಾಟದಲ್ಲಿದೆ. ಅದಾದ ಮೇಲೆ ಸೀಸವನ್ನು ಕವಚಕ್ಕೆ ಬೆಸೆದ ಗುಂಡುಗಳು ಬಂದುವು. 1980ರ ದಶಕದ ಕೊನೆಗೆ ಸೀಸವೇ ಇಲ್ಲದ ಅಚ್ಚತಾಮ್ರದ ಗುಂಡುಗಳೂ ಬಂದುವು.

ಹಾಗೆಂದು ಎಲ್ಲರೂ ಗಟ್ಟಿಯಾದ ದುಬಾರಿ ಗುಂಡನ್ನೇ ಕೊಳ್ಳಬೇಕೆಂದಲ್ಲ. ಅಲ್ಲಿಯೇ ಬಹಳ ಜನ ಎಡವುವುದು. ಗಟ್ಟಿಯಾದ ಗುಂಡು ನಿಧಾನದ ರೈಫಲ್ಲಿನಲ್ಲಿ ಅರಳದೆ ಹೋಗಬಹುದು. ಆಗ ಸೈನಿಕರ ಗುಂಡಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಬಿಳಿಬಾಲದ ಜಿಂಕೆಯೇನೂ ಮೂಸ್ ಅಲ್ಲ. ದೊಡ್ಡ ಗಂಡಾದರೂ ಸಾಮಾನ್ಯವಾಗಿ ನೂರು ಕಿಲೋ ಆಚೀಚೆ. ವೇಗಕ್ಕೆ ತಕ್ಕ ಗಟ್ಟಿತನ ಎಂಬುದೇ ಇಲ್ಲಿಯ ಸೂತ್ರ. ಸೆಕೆಂಡಿಗೆ 3,000 ಅಡಿ ಮೀರಿದ ಮ್ಯಾಗ್ನಮ್ ರೈಫಲ್ಲನ್ನು ಹಿಡಿದು ಕಾಡಿಗೆ ಹೋಗುವವನು ಬೆಸೆದ ಗುಂಡನ್ನೋ ಅಡ್ಡಗೋಡೆಯದನ್ನೋ ತಾಮ್ರದ್ದನ್ನೋ ಆರಿಸಬೇಕು. ಮೂವತ್ತು-ನಾಟ್-ಸಿಕ್ಸಿನವನು ಹಗುರವಾದವನ್ನು ಬಿಟ್ಟು 165ರಿಂದ 180 ಗ್ರೇನಿನ ಸಾಮಾನ್ಯ ಮೆತ್ತನೆ ಮೂತಿಯದನ್ನು ತೆಗೆದುಕೊಂಡರೆ ಧಾರಾಳವಾಯಿತು. ತೂಕ ಹೆಚ್ಚಿದಂತೆ ವೇಗ ತುಸು ಇಳಿಯುತ್ತದೆ, ಗುಂಡು ಒಡೆಯದೆ ಉಳಿಯುತ್ತದೆ. 1952ರಲ್ಲಿ ಬಂದ 308 ಎಂಬುದಕ್ಕೂ ಇದೇ ಮಾತು. ಚಿಕ್ಕ ಗುಂಡಿನ 243ರಲ್ಲಿ ನರಿ ಹೆಗ್ಗಣಗಳಿಗೆಂದು ಮಾಡಿದ ಹಗುರ ಗುಂಡುಗಳೂ ಅದೇ ಅಂಗಡಿಯಲ್ಲಿ ಸಿಕ್ಕುತ್ತವೆ. ಅವನ್ನು ಜಿಂಕೆಗೆ ಬಳಸುವುದು ಅನ್ಯಾಯ. ಅದರಲ್ಲಿ 95–100 ಗ್ರೇನಿನದೇ ಸರಿ.

ಆದರೆ ಕಾಡಿನ ಬೇಟೆಗೆಂದೇ ಹುಟ್ಟಿದ್ದು ಬೇರೊಂದಿದೆ. ಜಾನ್ ಬ್ರೌನಿಂಗ್ ರಚಿಸಿದ ವಿಂಚೆಸ್ಟರ್ 1894ರ ರೈಫಲ್; ಅದಕ್ಕಾಗಿ 1895ರಲ್ಲಿ ಹೊರಬಂದ ಮೂವತ್ತು-ಮೂವತ್ತು ಎಂಬ ತೋಟಾ. ಮೊದಲ ಮೂವತ್ತು ನಳಿಗೆಯ ಅಳತೆ, ಅಂಗುಲದ ನೂರರಲ್ಲಿ ಮೂವತ್ತು. ಎರಡನೆಯದು ಹೊಗೆಯಿಲ್ಲದ ಮದ್ದಿನ ಮೂವತ್ತು ಗ್ರೇನು. ಈ ರೈಫಲ್ ಎಪ್ಪತ್ತು ಲಕ್ಷಕ್ಕೂ ಮಿಕ್ಕಿ ತಯಾರಾಗಿದೆ. ಗಿಡ್ಡ, ಹಗುರ, ಪೊದೆಗಳಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಕೆಳಗಿನ ಹಿಡಿಯನ್ನು ಒಮ್ಮೆ ಜಗ್ಗಿ ಎತ್ತಿದರೆ ಮುಂದಿನ ತೋಟಾ ಸಿದ್ಧ. 170 ಗ್ರೇನಿನ ಗುಂಡು ಸುಮಾರು 2,200 ಅಡಿ ವೇಗದಲ್ಲಿ ಹೊರಟು ನೂರು ಗಜದಲ್ಲಿ 1,900ಕ್ಕೆ ಇಳಿಯುತ್ತದೆ. ಪುಸ್ತಕದ ಅಂಕಿಗಳಲ್ಲಿ ಇದು ಇಂದಿನ ರೈಫಲ್ಲುಗಳ ಮುಂದೆ ಮುದುಕ. ಕಾಡಿನ ನೂರು ಗಜದೊಳಗೆ ಇದನ್ನು ಮೀರಿಸಿದ್ದು ಅಪರೂಪ. ವೇಗ ಮಿತವಾಗಿರುವುದರಿಂದ ಸಾಮಾನ್ಯ ಮೆತ್ತನೆ ಮೂತಿಯ ಗುಂಡೇ ಹದವಾಗಿ ಅರಳಿ, ಆಚೆಯ ಪಕ್ಕೆಯನ್ನೂ ದಾಟಿ ಹೋಗುತ್ತದೆ.

ಈ ರೈಫಲ್ಲಿಗೆ ಚೂಪು ಮೂತಿಯ ಗುಂಡನ್ನು ಮಾತ್ರ ಹಾಕಬಾರದು. ಏಕೆಂದರೆ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ರೈಲುಗಾಡಿಯ ಡಬ್ಬಿಗಳಂತೆ ಒಂದರ ಹಿಂದೊಂದು ಮಲಗಿರುತ್ತವೆ. ಹಿಂದಿನದರ ಮೂತಿ ಮುಂದಿನದರ ಕೇಪಿಗೆ ತಾಗಿರುತ್ತದೆ. ಗುಂಡು ಹಾರಿಸಿದಾಗ ರೈಫಲ್ ಒದೆಯುವ ರಭಸಕ್ಕೆ ಚೂಪು ಮೂತಿ ಕೇಪನ್ನು ಕುಟ್ಟಿ ಕೊಳವೆಯೊಳಗೇ ತೋಟಾ ಸಿಡಿಯಬಹುದು. ಆದ್ದರಿಂದಲೇ ಮೂವತ್ತು-ಮೂವತ್ತರ ಗುಂಡಿಗೆ ಚಪ್ಪಟೆ ಮೂತಿ. 2000ದ ದಶಕದಲ್ಲಿ ರಬ್ಬರಿನಂತೆ ಬಾಗುವ ತುದಿಯ ಚೂಪು ಗುಂಡುಗಳನ್ನು ಇದಕ್ಕೆಂದೇ ತಯಾರಿಸಿದರು, ಅವು ಅಪಾಯವಿಲ್ಲ. ಮೂವತ್ತು ಗಜದ ಬೇಟೆಗೆ ಅವುಗಳ ಅಗತ್ಯವೂ ಇಲ್ಲ. ಕಾಡಿನ ಕತೆಗಳಿಂದ ನಮಗೆಲ್ಲ ಪರಿಚಿತರಾದ ಬೆಂಗಳೂರಿನ ಕೆನೆತ್ ಆಂಡರ್ಸನ್ನರ ನೆಚ್ಚಿನ 405 ವಿಂಚೆಸ್ಟರ್ ರೈಫಲ್ಲೂ ಬ್ರೌನಿಂಗ್ ರಚಿಸಿದ್ದೇ, 1895ರ ಮಾದರಿ. ಅದರಲ್ಲಿ ತೋಟಾಗಳು ಕೊಳವೆಯಲ್ಲಿ ಮಲಗದೆ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಕೂರುತ್ತವೆ. ಚೂಪು ಮೂತಿಯ ಭಯ ಅದಕ್ಕಿಲ್ಲ.

ಗುಂಡು ಆಚೆ ಹೊರಡಬೇಕು ಎಂದೆನಲ್ಲ, ಅದಕ್ಕೆ ಕಾರಣ ಹೇಳಬೇಕು. ಕೆಲವರು ಗುಂಡು ಪ್ರಾಣಿಯೊಳಗೇ ಉಳಿದು ಬಲವನ್ನೆಲ್ಲ ಅಲ್ಲೇ ವ್ಯಯಮಾಡಬೇಕೆಂದು ವಾದಿಸುತ್ತಾರೆ. ಬಯಲಿನಲ್ಲಿ ಆ ವಾದ ನಡೆದೀತು. ಕಾಡಿನಲ್ಲಿ ನಡೆಯದು. ಶ್ವಾಸಕೋಶಕ್ಕೆ ಸರಿಯಾಗಿ ತಗಲಿದ ಜಿಂಕೆಯೂ ಐವತ್ತು ನೂರು ಗಜ ಓಡಿಯೇ ಬೀಳುವುದುಂಟು. ಬಯಲಾದರೆ ಬಿದ್ದದ್ದು ಕಾಣುತ್ತದೆ. ಕಾಡಿನಲ್ಲಿ ಹತ್ತೇ ಗಜದಾಚೆ ಮರೆ. ಆಗ ದಾರಿ ತೋರುವುದು ತರಗೆಲೆಯ ಮೇಲಿನ ರಕ್ತವೊಂದೇ. ಎಷ್ಟೋ ಸಲ ಒಳಹೊಕ್ಕ ತೂತು ಚಿಕ್ಕದು, ಮೇಲ್ಭಾಗದಲ್ಲಿರುವುದು. ಕೊಬ್ಬು ಬಂದು ಅದನ್ನು ಮುಚ್ಚಿಬಿಡುತ್ತದೆ. ಆಚೆ ಹೊರಟ ತೂತು ಅಗಲ. ರಕ್ತ ಧಾರಾಳವಾಗಿ ಬೀಳುತ್ತದೆ. ನಮ್ಮ ಅಜ್ಜ ಕೋವಿಯ ಗುರಿಗಿಂತ ರಕ್ತದ ಜಾಡು ಹಿಡಿಯುವುದರಲ್ಲಿಯೇ ಹೆಚ್ಚು ಹೆಮ್ಮೆಪಡುತ್ತಿದ್ದವರು. ಈಡು ತಗಲಿದ ಪ್ರಾಣಿಯ ಹಿಂದೆ ಕೂಡಲೇ ಓಡಬಾರದು, ಒಂದು ಕವಳ ಹಾಕಿ ಮುಗಿಸುವಷ್ಟು ಹೊತ್ತು ಕೂತಿರಬೇಕು ಎನ್ನುತ್ತಿದ್ದರು. ಬೆನ್ನಟ್ಟಿದರೆ ಮಲಗಬೇಕಾದದ್ದು ಎದ್ದು ಮೈಲಿ ದೂರ ಹೋಗುತ್ತದೆ. ಪೆನ್ಸಿಲ್ವೇನಿಯಾದ ನೆರೆಮನೆಯ ಹಿರಿಯರೂ ಅರ್ಧಗಂಟೆ ಕಾಯಬೇಕೆಂದು ಹೇಳಿಕೊಟ್ಟರಂತೆ. ಅಲ್ಲಿ ಕವಳವಿಲ್ಲ, ಗಡಿಯಾರವಿದೆ. ಸಿಕ್ಕದೆ ಹೋದ ಪ್ರಾಣಿಯ ವಿಷಯ ಬಂದಾಗ ಮಾತ್ರ ಅಜ್ಜ ಸುಮ್ಮನಾಗುತ್ತಿದ್ದರು. ಕೋವಿಗೆ ಚರೆ ತುಂಬಿ ದೂರದಿಂದ ಕಡವೆಗೆ ಹೊಡೆಯುವವರನ್ನು ಅವರು ಅಂಗಳಕ್ಕೂ ಸೇರಿಸುತ್ತಿರಲಿಲ್ಲ.

ಇನ್ನೊಂದು ನಂಬಿಕೆಯನ್ನು ಮುರಿಯಬೇಕಾಗಿದೆ. ಭಾರವಾದ, ಮೊಂಡು ಮೂತಿಯ, ನಿಧಾನದ ಗುಂಡು ಕಡ್ಡಿ ಕೊಂಬೆಗಳನ್ನು ಸೀಳಿಕೊಂಡು ನೆಟ್ಟಗೆ ಹೋಗುತ್ತದೆ ಎಂಬುದು ಆ ಕಾಡುಗಳಲ್ಲಿ ತಲೆಮಾರುಗಳಿಂದ ಬಂದ ಮಾತು. ‘ಪೊದೆ ಸೀಳುವ ಗುಂಡು’ ಎಂದು ಅವರಲ್ಲಿ ಹೆಸರೇ ಇದೆ. ಮರದ ಕಡ್ಡಿಗಳನ್ನು ಸಾಲಾಗಿ ನೆಟ್ಟು, ಹಿಂದೆ ಗುರಿಹಲಗೆಯಿಟ್ಟು, ಹಲವರು ಹಲವು ಬಗೆಯ ಗುಂಡು ಹಾರಿಸಿ ಪರೀಕ್ಷಿಸಿದ್ದಾರೆ. ಕಡ್ಡಿಗೆ ತಗಲಿದ ಯಾವ ಗುಂಡನ್ನೂ ನೆಚ್ಚುವಂತಿಲ್ಲ. ಭಾರದ್ದಕ್ಕೆ ಲಾಭವಿದ್ದರೂ ಬಲು ಸ್ವಲ್ಪ. ಕಡ್ಡಿ ಪ್ರಾಣಿಯ ಮೈಗೆ ತಾಗಿದಂತಿದ್ದರೆ ಗುಂಡು ಹೆಚ್ಚು ದಾರಿ ತಪ್ಪುವುದಿಲ್ಲ. ನಡುದಾರಿಯಲ್ಲಿದ್ದರೆ ಎದೆಗೆಂದು ಹೊರಟದ್ದು ಹೊಟ್ಟೆಗೆ ಬೀಳುತ್ತದೆ. ಹೊಟ್ಟೆಗೆ ಗುಂಡು ಬಿದ್ದ ಜಿಂಕೆಯ ಸಾವು ಅತ್ಯಂತ ದಾರುಣ. ಆದುದರಿಂದ ಕೈಯಗಲದಷ್ಟು ತೆರವಾದರೂ ಕಾಣುವವರೆಗೆ ಕಾಯಬೇಕು, ಕಾಣದಿದ್ದರೆ ಬಿಡಬೇಕು. ಪೊದೆ ಅಲುಗಿತೆಂದು ಹೊಡೆಯುವವನನ್ನಂತೂ ಕಾಡಿಗೇ ಬಿಡಬಾರದು. ದಶರಥ ಶಬ್ದ ಕೇಳಿ ಬಾಣ ಬಿಟ್ಟು ಋಷಿಕುಮಾರನನ್ನು ಕೊಂದ. ಜರನೆಂಬ ಬೇಡ ಮೃಗವೆಂದು ಭ್ರಮಿಸಿ ಕೃಷ್ಣನ ಪಾದಕ್ಕೇ ಹೊಡೆದ. ಪೆನ್ಸಿಲ್ವೇನಿಯಾದ ಸರ್ಕಾರ ರೈಫಲ್ ಋತುವಿನಲ್ಲಿ ತಲೆ, ಎದೆ, ಬೆನ್ನುಗಳ ಮೇಲೆ ಒಟ್ಟು 250 ಚದರ ಅಂಗುಲದಷ್ಟು ಹೊಳೆಯುವ ಕಿತ್ತಳೆ ಬಣ್ಣ ತೊಡಬೇಕೆಂದು ವಿಧಿಸಿರುವುದು ಇಂಥ ಜರರಿಗೆ ಹೆದರಿಯೇ. ಜಿಂಕೆಯ ಕಣ್ಣಿಗೆ ಆ ಬಣ್ಣ ನಮಗೆ ಕಂಡಂತೆ ಎದ್ದು ಕಾಣುವುದಿಲ್ಲ.

ಸೀಸ ಬೇಕೆ, ತಾಮ್ರ ಬೇಕೆ ಎಂಬ ಚರ್ಚೆ ಈಚಿನದು. ಸೀಸದ ಗುಂಡು ಅರಳುವಾಗ ಸಣ್ಣ ಸಣ್ಣ ಚೂರುಗಳನ್ನು ಮಾಂಸದಲ್ಲಿ ಉದುರಿಸುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣವೂ ಇರುತ್ತವೆ. ಅಲ್ಲಿ ಬೇಟೆಗಾರರು ಬಡವರಿಗೆ ಜಿಂಕೆಮಾಂಸ ದಾನಮಾಡುವ ಒಳ್ಳೆಯ ಪದ್ಧತಿ ಉಂಟು. 2008ರಲ್ಲಿ ನಾರ್ತ್ ಡಕೋಟಾದಲ್ಲಿ ಹಾಗೆ ಕೊಟ್ಟ ಮಾಂಸದಲ್ಲಿ ಸೀಸದ ಚೂರುಗಳು ಕಂಡುಬಂದುದರಿಂದ ಅದನ್ನು ಹಂಚಬೇಡಿರೆಂದು ಆರೋಗ್ಯ ಇಲಾಖೆ ತಿಳಿಸಿತು. ಬೇಟೆಗಾರ ಕಾಡಿನಲ್ಲಿ ಬಿಟ್ಟ ಕರುಳು ಮುಂತಾದುವನ್ನು ತಿಂದು ಕಾಂಡರ್ ಎಂಬ ದೊಡ್ಡ ರಣಹದ್ದುಗಳು ಸೀಸದ ವಿಷವೇರಿ ಸತ್ತವು. 1982ರಲ್ಲಿ ಲೋಕದಲ್ಲಿ ಉಳಿದಿದ್ದ ಕ್ಯಾಲಿಫೋರ್ನಿಯಾದ ಕಾಂಡರ್‌ಗಳು 22 ಮಾತ್ರ. ಆ ರಾಜ್ಯದಲ್ಲಿ 2019ರ ಜುಲೈ 1ರಿಂದ ಎಲ್ಲ ಬೇಟೆಗೂ ಸೀಸದ ಗುಂಡು ನಿಷಿದ್ಧ. ತಾಮ್ರದ ಗುಂಡಿಗೆ ಬೆಲೆ ಹೆಚ್ಚು. ಅದು ಚೂರಾಗುವುದಿಲ್ಲ, ತೂಕವನ್ನು ಹೆಚ್ಚುಕಡಮೆ ಪೂರ್ತಿ ಉಳಿಸಿಕೊಳ್ಳುತ್ತದೆ, ಆಚೆ ಹೊರಡುತ್ತದೆ. ಆದರೆ ಅರಳಲು ಅದಕ್ಕೆ ವೇಗ ಬೇಕು. ಹತ್ತಿರದ ಬೇಟೆಯಲ್ಲಿ ಆ ವೇಗಕ್ಕೆ ಕೊರತೆಯಿಲ್ಲವಾದ್ದರಿಂದ ಕಾಡಿಗೆ ಅದು ಚೆನ್ನಾಗಿ ಒಪ್ಪುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದು ಆ ಮಾಂಸವನ್ನು ತಿನ್ನುವವರಿದ್ದರೆ ನಾನು ಬೆಲೆ ನೋಡದೆ ತಾಮ್ರದ್ದನ್ನೇ ಕೊಳ್ಳೆನ್ನುತ್ತೇನೆ. ನನ್ನ ಶಿಷ್ಯನಿಗೂ ಹಾಗೆಯೇ ಬರೆದೆ. ಅವನಿಗೆ ನೆರೆಯವರು ಕೊಡುವುದು ಮೂವತ್ತು-ಮೂವತ್ತಾದುದರಿಂದ, ಆ ಮಿತವಾದ ವೇಗಕ್ಕೆಂದೇ ಮಾಡಿದ ಚಪ್ಪಟೆ ಮೂತಿಯ ತಾಮ್ರದ ಗುಂಡನ್ನು ಕೇಳಿ ಪಡೆಯಬೇಕು. ಅದು ಸಿಕ್ಕದಿದ್ದರೆ 170 ಗ್ರೇನಿನ ಸಾಮಾನ್ಯ ಮೆತ್ತನೆ ಮೂತಿಯದೇ ಆಗಬಹುದು. ಆಗ ಗಾಯದ ಸುತ್ತಲಿನ ಮಾಂಸವನ್ನು ಧಾರಾಳವಾಗಿ ಕೊಯ್ದು ಎಸೆಯಬೇಕು, ಎಸೆದದ್ದನ್ನು ಹದ್ದಿಗೆ ಸಿಕ್ಕದಂತೆ ಹೂಳಬೇಕು.

ಪೆಟ್ಟಿಗೆಯ ಮೇಲಿನ ಬರಹವನ್ನು ನಂಬಿ ನೇರವಾಗಿ ಕಾಡಿಗೆ ಹೋಗುವಂತಿಲ್ಲ. ಒಂದೊಂದು ರೈಫಲ್ಲಿಗೆ ಒಂದೊಂದು ಗುಂಡು ಒಗ್ಗುತ್ತದೆ; ಒಂದೇ ಕಾರ್ಖಾನೆಯ ಎರಡು ರೈಫಲ್ಲುಗಳಿಗೂ ಒಂದೇ ರುಚಿ ಇರದು. ಎರಡು ಮೂರು ಬಗೆಯ ಪೆಟ್ಟಿಗೆ ತಂದು, ಋತುವಿಗೆ ತಿಂಗಳ ಮುಂಚೆಯೇ ಅಭ್ಯಾಸದ ಮೈದಾನದಲ್ಲಿ ಐವತ್ತು ಗಜದಿಂದ ಮೇಜಿನ ಮೇಲೆ ಆನಿಸಿ ಹಾರಿಸಿ, ಯಾವುದು ಒಂದೆಡೆ ಗುಂಪಾಗಿ ಬೀಳುತ್ತದೆಂದು ನೋಡಬೇಕು. ಆಮೇಲೆ ಮೇಜು ಬಿಟ್ಟು, ಕಾಡಿನಲ್ಲಿ ನಿಲ್ಲುವಂತೆ ನಿಂತು, ಮಂಡಿಯೂರಿ, ಮರಕ್ಕೆ ಒರಗಿ ಹಾರಿಸಬೇಕು. ಜಿಂಕೆಯ ಹೃದಯ ಶ್ವಾಸಕೋಶಗಳ ಸ್ಥಾನ ಮುಂಗಾಲಿನ ಹಿಂದೆ ಒಂದು ಊಟದ ತಟ್ಟೆಯಗಲ. ಕಾಗದದ ತಟ್ಟೆಯನ್ನು ಮರದ ಹಲಗೆಗೆ ಅಂಟಿಸಿ, ಎಷ್ಟು ಗಜದಿಂದ ಹತ್ತಕ್ಕೆ ಹತ್ತೂ ಅದರೊಳಗೆ ಬೀಳುತ್ತವೆಯೋ ಅಷ್ಟೇ ತನ್ನ ಎಲ್ಲೆಯೆಂದು ಬರೆದಿಟ್ಟುಕೊಳ್ಳಬೇಕು. ಹಲಗೆಯ ಹಿಂದೆ ಮಣ್ಣಿನ ದಿಬ್ಬವಿರಬೇಕು. ತಪ್ಪಿದ ಗುಂಡು ಎರಡು ಮೈಲಿಗೂ ಮೀರಿ ಹೋಗಬಲ್ಲದು. ಒಗ್ಗಿದ ಗುಂಡು ಸಿಕ್ಕಿದಮೇಲೆ ಅದೇ ತಯಾರಿಕೆಯ, ಅದೇ ತೂಕದ ಪೆಟ್ಟಿಗೆಗಳನ್ನೇ ಇಡೀ ಋತುವಿಗೆ ಸಾಕಾಗುವಷ್ಟು ಕೊಂಡಿಡಬೇಕು. ನಡುವೆ ಬೇರೆಯದಕ್ಕೆ ಬದಲಾಯಿಸಿದರೆ ಗುರಿಯನ್ನು ಮೊದಲಿನಿಂದ ಹೊಂದಿಸಬೇಕಾಗುತ್ತದೆ.